7 ವರ್ಷದ ಮಗುವಿಗೆ ಆರ್‌ಪಿ: ಮಳೆಗಾಲದೊಳಗೆ ಮನೆ, ಶಾಲೆಯಲ್ಲಿ ಏನೇನು ಆಗಬೇಕು?

ತೋಟದಮನೆ: ತಮ್ಮನ ಮಗಳಿಗೆ 7 ವರ್ಷ, ಎರಡನೇ ಕ್ಲಾಸು, ಕೊಡಗಿನ ಸಿದ್ದಾಪುರದ ಹತ್ತಿರ. ಇಆರ್‌ಜಿ (ಬೆಳಕಿಗೆ ರೆಟಿನಾ ಹೇಗೆ ಸ್ಪಂದಿಸುತ್ತದೆ ಅಂತ ಅಳೆಯುವ ಪರೀಕ್ಷೆ) ಮಾಡಿ ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಆರ್‌ಪಿ, ಅಂದಿದ್ದಾರೆ. ಕತ್ತಲಲ್ಲಿ ಕಾಣೋದು, ಪಕ್ಕಕ್ಕೆ ಕಾಣೋದು ನಿಧಾನಕ್ಕೆ ಕುಗ್ಗುವ ರೆಟಿನಾ ಕಾಯಿಲೆಯಂತೆ. ಬೋರ್ಡು ಈಗಲೂ ಓದುತ್ತಾಳೆ, ಅಕ್ಷರದ ಚಾರ್ಟಿನಲ್ಲಿ 6/9, ಅಂದರೆ ಹೆಚ್ಚುಕಡಿಮೆ ಸರಿಯೇ. ಆದರೆ ಸಂಜೆಯಾದರೆ ಗೋಡೆ ಹಿಡಿದೇ ನಡೆಯೋದು, ಪಕ್ಕದ ಸ್ಟೂಲು ಕಾಣದೆ ಎಡವೋದು. ಜೂನ್ ಬಂತೆಂದರೆ ಇಲ್ಲಿ ಹಗಲೂ ಮಬ್ಬು, ಕರೆಂಟಿನ ಭರವಸೆಯಿಲ್ಲ. ಬ್ರೈಲ್ ಈಗಲೇ ಬೇಕಾ? ಅಂಗವಿಕಲರ ಕಾರ್ಡಿಗೆ ಕೇಳಿದರೆ "6/9 ಇದೆಯಲ್ಲ" ಅಂದು ಕಳಿಸಿದರಂತೆ.

ಫೀಲ್ಡ್‌ಚಾರ್ಟ್: ಕಾರ್ಡಿನ ಮಾತು ಮೊದಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಕ್ಷರ ಓದೋದನ್ನಷ್ಟೇ ಅಳೆಯೋದಿಲ್ಲ, ದೃಷ್ಟಿಯ ಅಗಲವನ್ನೂ ಅಳೆಯುತ್ತದೆ. ಒಳ್ಳೆಯ ಕಣ್ಣಿನ ದೃಷ್ಟಿಯ ಅಗಲ 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ, 10ಕ್ಕಿಂತ ಕಡಿಮೆಯಾದರೆ ಅಂಧತ್ವ. ಆರ್‌ಪಿಯಲ್ಲಿ ಮೊದಲು ಹೋಗೋದೇ ಅಗಲ. ಹಾಗಾಗಿ ಎರಡೂ ಕಣ್ಣಿನ ಪೆರಿಮೆಟ್ರಿ (ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತಿಸಿ ದೃಷ್ಟಿಯ ಅಗಲ ಅಳೆಯುವ ಪರೀಕ್ಷೆ) ಚಾರ್ಟ್, ಇಆರ್‌ಜಿ ವರದಿ ಜೊತೆಗಿಟ್ಟು ಯುಡಿಐಡಿಗೆ (ಅದೇ ಅಂಗವಿಕಲರ ಕಾರ್ಡು) ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಮಡಿಕೇರಿ ಜಿಲ್ಲಾಸ್ಪತ್ರೆ ಆರಿಸಿಕೊಳ್ಳಿ. ಈ ವಯಸ್ಸಿನ ಮಕ್ಕಳು ಪೆರಿಮೆಟ್ರಿಯಲ್ಲಿ ಬೇಗ ದಣಿದು ಗುಂಡಿ ಒತ್ತೋದು ಬಿಡುತ್ತಾರೆ, ಚಾರ್ಟ್ ಸುಳ್ಳಾಗುತ್ತದೆ. ಬೆಳಿಗ್ಗೆ ಮಾಡಿಸಿ, ಒಂದು ಕಣ್ಣಾದ ಮೇಲೆ ಬಿಡುವು ಕೊಡಿಸಿ. ಹೆಚ್ಚುತ್ತಾ ಹೋಗುವ ಕಾಯಿಲೆ, ಅವಧಿ ಹಾಕಿದ ತಾತ್ಕಾಲಿಕ ಸರ್ಟಿಫಿಕೇಟ್ ಕೊಟ್ಟರೆ ಬೇಡ ಅನ್ನಬೇಡಿ.

ಕೆಂಪುನೆಲ: ಮನೆಯ ವಿಷಯ ನಾನು ಹೇಳುತ್ತೇನೆ, ಯಾಕಂದರೆ ನಮ್ಮ ಕಡೆಯ ಹಳೇ ಹೆಂಚಿನ ಮನೆಗಳು ಇಂಥ ಕಣ್ಣಿಗೆ ಶತ್ರು. ರೆಡ್‌ಆಕ್ಸೈಡ್ ನೆಲ, ಅದೇ ಬಣ್ಣದ ಮೆಟ್ಟಿಲು, ಎರಡರ ನಡುವೆ ಅಂಚೇ ತಿಳಿಯೋದಿಲ್ಲ. ಪ್ರತಿ ಮೆಟ್ಟಿಲಿನ ತುದಿಗೆ 5 ಸೆಂ.ಮೀ. ಅಗಲದ ಹಳದಿ ಪಟ್ಟಿ ಬಳಿಯಿರಿ. ಟೇಪು ಬೇಡ, ಜುಲೈ ಥಂಡಿಗೆ ಎದ್ದು ಬಂದು ಅದೇ ಕಾಲಿಗೆ ಸಿಕ್ಕುತ್ತದೆ. ಬಾಗಿಲು ಪೂರ್ತಿ ತೆರೆದಿರಬೇಕು ಅಥವಾ ಪೂರ್ತಿ ಮುಚ್ಚಿರಬೇಕು. ಹಣೆಗೆ ಪೆಟ್ಟು ಬೀಳೋದು ಅರ್ಧ ತೆರೆದ ಬಾಗಿಲಿಂದಲೇ. ಸ್ಟೂಲು, ಮೊರ, ಬಕೆಟ್ಟಿಗೆ ಒಂದೊಂದು ಜಾಗ, ಅಲ್ಲೇ ಇರಬೇಕು.

ಅಂಗಳದ ಬೆಳಕಿಂದ ಒಳಗೆ ಬಂದಾಗ ಆರ್‌ಪಿ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ. ಹೊಸಿಲ ಹತ್ತಿರ ಹಗಲಲ್ಲೂ ಒಂದು ದೀಪ ಉರಿಯಲಿ, ಬಲ್ಬು ಕಣ್ಣಿಗೆ ನೇರ ಹೊಡೆಯದ ಹಾಗೆ ಮುಸುಕು ಹಾಕಿ. ಕರೆಂಟ್ ಹೋದ ಕೂಡಲೇ ಉರಿಯುವ ರೀಚಾರ್ಜ್ ಬಲ್ಬು ನಡುಮನೆ, ಬಚ್ಚಲು, ಮೆಟ್ಟಿಲಿಗೆ ಸಾಕು. ಕಾಫಿ ಕಣದ ಬಿಸಿಲು ಇನ್ನೊಂದು ತೊಂದರೆ, ಅಂಚಿರುವ ಟೋಪಿ ಕೊಡಿ.

ಊಟದ್ದೂ ಹೇಳಿಬಿಡುತ್ತೇನೆ: ಸ್ಟೀಲ್ ತಟ್ಟೆಯಲ್ಲಿ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಇಟ್ಟರೆ ಬಿಳಿಗೆ ಬೆಳ್ಳಿ, ಏನೂ ಕಾಣೋದಿಲ್ಲ. ಕಡು ನೀಲಿ ತಟ್ಟೆ ತನ್ನಿ. ಬಾಳೆಲೆಯಾದರೆ ಇನ್ನೂ ಚೆನ್ನ.

ಕೆರೆ, ಬಾವಿ, ಆನೆ ಕಂದಕಕ್ಕೆ ಬೇಲಿ ಇದೆಯಾ ನೋಡಿ. ಸಂಜೆ ಒಬ್ಬಳೇ ತೋಟಕ್ಕೆ ಬೇಡ. ಅದು ನಮ್ಮೂರಲ್ಲಿ ಕಣ್ಣಿದ್ದವರಿಗೂ ಅನ್ವಯ.

ಆರುಚುಕ್ಕಿ: ಬ್ರೈಲ್ ಈಗಲೇ ಶುರುಮಾಡಿ, ಪುಸ್ತಕದ ಓದೂ ಬಿಡಿಸಬೇಡಿ. ಕಣ್ಣು ಪೂರ್ತಿ ಹೋಗಲಿ ಅಂತ ಕಾದರೆ ಅಕ್ಷರವನ್ನೂ ದುಃಖವನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ. ಮೊದಲು ಬೆರಳು ಪಳಗಲಿ: ಕಣ್ಣು ಮುಚ್ಚಿ ಕಾಳುಮೆಣಸು, ಕೊತ್ತಂಬರಿ ಬೀಜ, ಸಾಸಿವೆ ಬೇರೆ ಮಾಡಿಸಿ. ಆಮೇಲೆ ಅಕ್ಷರ (ಆವರಣದಲ್ಲಿರೋದು ಬ್ರೈಲ್‌ನ ಆರು ಚುಕ್ಕಿಗಳಲ್ಲಿ ಉಬ್ಬುವ ಚುಕ್ಕಿಗಳ ಸಂಖ್ಯೆ): ಕ (1, 3), ಮ (1, 3, 4), ಲ (1, 2, 3). ಮೂರೇ ಅಕ್ಷರಕ್ಕೆ 'ಕಮಲ' ಓದಬಹುದು, ಉತ್ಸಾಹ ಬರುತ್ತದೆ. ಬ್ರೈಲ್ ಸ್ಲೇಟಿನಲ್ಲಿ ಕಾಗದ ಚುಚ್ಚೋದು ಹಿಂಬದಿಯಿಂದ, ಹಾಗಾಗಿ ಬರೆಯೋದು ಬಲದಿಂದ ಎಡಕ್ಕೆ, ಓದೋದು ಎಡದಿಂದ ಬಲಕ್ಕೆ. ಹೇಳಿಕೊಡುವ ದೊಡ್ಡವರು ಎಡವೋದು ಇಲ್ಲೇ.

ಬಿಳಿಕೋಲು ಎದೆಮೂಳೆಯಿಂದ ಕಂಕುಳ ನಡುವಿನ ಎತ್ತರಕ್ಕಿರಲಿ, ಮಗು ಬೆಳೆದ ಹಾಗೆ ಬದಲಾಯಿಸಿ. ಚೂಪು ತುದಿ ಮಣ್ಣಿಗೆ ಹೂತು ಹಿಡಿ ಹೊಟ್ಟೆಗೆ ತಿವಿಯುತ್ತದೆ, ಉರುಳುವ ತುದಿ ಕೇಳಿ. ಹೆಂಚಿನ ಮೇಲೆ ಮಳೆ ಸುರಿಯುವಾಗ ಶಬ್ದದ ಗುರುತು ಸಿಗೋದಿಲ್ಲ, ಆಗ ಕೋಲೇ ಗತಿ. ಶಾಲೆಗೆ ತಾಲೂಕಿನ ಬಿಆರ್‌ಸಿಯಲ್ಲಿರುವ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳ ಶಿಕ್ಷಕರನ್ನು ಕರೆಸಿ.

ತೋಟದಮನೆ: ವಿಟಮಿನ್ ಎ ಕೊಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಮೊಬೈಲಿಂದ ಹೆಚ್ಚಾಗುತ್ತಾ?

ಫೀಲ್ಡ್‌ಚಾರ್ಟ್: ಮೊಬೈಲಿಂದ ಆರ್‌ಪಿ ಬರೋದೂ ಇಲ್ಲ, ಹೆಚ್ಚೋದೂ ಇಲ್ಲ. ವಿಟಮಿನ್ ಎ ನೀವಾಗಿ ಕೊಡಬೇಡಿ: ಹೆಚ್ಚಾದರೆ ಲಿವರ್‌ಗೆ ಹಾನಿ, ಎಬಿಸಿಎ4 ಜೀನ್ ದೋಷವಿದ್ದರೆ ರೆಟಿನಾಗೇ ಕೇಡು. ಜೀನ್ ಪರೀಕ್ಷೆ ಮಾಡಿಸಿ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಜೀನ್ ಚಿಕಿತ್ಸೆ ಆರ್‌ಪಿಇ65 ದೋಷಕ್ಕೆ ಮಾತ್ರ. "ಎಲ್ಲ ಆರ್‌ಪಿಗೂ ಇಂಜೆಕ್ಷನ್" ಅನ್ನುವವರಿಗೆ ದುಡ್ಡು ಕೊಡಬೇಡಿ. ಕಿವಿ ಪರೀಕ್ಷೆಯೂ ಆಗಲಿ, ಅಷರ್ ಸಿಂಡ್ರೋಮಿನಲ್ಲಿ ಆರ್‌ಪಿ, ಕಿವುಡು ಎರಡೂ ಜೊತೆಗಿರುತ್ತವೆ. ಓದೋದು ಇದ್ದಕ್ಕಿದ್ದಂತೆ ಕಷ್ಟವಾದರೆ ಕಾಯಿಲೆಯ ಮೇಲೆ ಹಾಕಿ ಕೂರಬೇಡಿ. ರೆಟಿನಾದ ಮಧ್ಯಭಾಗದ ಊತ, ಕಣ್ಣಿನ ಪೊರೆ ಎರಡಕ್ಕೂ ಚಿಕಿತ್ಸೆ ಇದೆ, ಆ ವಾರವೇ ತೋರಿಸಿ.