ಎಟಿಪಿ ಹಾಕಿದರೂ ನ್ಯೂಕ್ಲಿಯೋಸೋಮ್ ಜರುಗುತ್ತಿಲ್ಲ, ಎಲ್ಲಿ ತಪ್ಪಿದೆ?

ನೂಲುಸುರುಳಿ:
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದೇ ತಲೆನೋವು. 207 ಬೇಸ್ ಜೋಡಿ ಉದ್ದದ ಡಿಎನ್‌ಎ ತುದಿಯಲ್ಲಿ ನ್ಯೂಕ್ಲಿಯೋಸೋಮ್ (ಹಿಸ್ಟೋನ್ ಎಂಬ ಪ್ರೋಟೀನುಗಳ ಉಂಡೆಗೆ ಡಿಎನ್‌ಎ ಸುತ್ತಿಕೊಂಡ ರಚನೆ) ಕಟ್ಟಿದ್ದೇನೆ. ಇನ್ನೊಂದು ಕಡೆ 60 ಬೇಸ್ ಜೋಡಿಯ ಬಾಲ ಖಾಲಿ ಇದೆ. ಐಎಸ್‌ಡಬ್ಲ್ಯುಐ ಗುಂಪಿನ ರಿಮಾಡೆಲರ್ (ನ್ಯೂಕ್ಲಿಯೋಸೋಮನ್ನು ಜರುಗಿಸುವ ಎನ್‌ಜೈಮ್), ಅದಕ್ಕೆ ಶಕ್ತಿ ಕೊಡುವ ಎಟಿಪಿ 2 ಮಿಲಿಮೋಲಾರ್, 3 ಮಿಲಿಮೋಲಾರ್ ಮೆಗ್ನೀಶಿಯಂ ಹಾಕಿ 30 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುತ್ತೇನೆ. ಉಂಡೆಯ ಜಾಗ ಬದಲಾದರೆ ಬ್ಯಾಂಡ್ ಬೇರೆಡೆ ಕಾಣುವ ನೇಟಿವ್ ಜೆಲ್‌ನಲ್ಲಿ ಎಟಿಪಿ ಇರುವ ಲೇನ್, ಇಲ್ಲದ ಲೇನ್ ಎರಡೂ ಒಂದೇ ಥರ. ಎನ್‌ಜೈಮ್ ಎರಡು ಪಟ್ಟು ಮಾಡಿಯೂ ನೋಡಿದೆ. ಅಷ್ಟು ಬಿಗಿಯಾಗಿ ಸುತ್ತಿರುವ ಡಿಎನ್‌ಎಯನ್ನು ಪೂರ್ತಿ ಬಿಚ್ಚಬೇಕಲ್ವಾ, ಎಟಿಪಿ ಇನ್ನೂ ಜಾಸ್ತಿ ಬೇಕಾ?

ಮೆಲ್ಲನೆ_ಜರುಗು:
ಎಟಿಪಿ ಜಾಸ್ತಿ ಮಾಡಬೇಡಿ. ಮೊದಲು ಆ ಕಲ್ಪನೆಯನ್ನು ಬಿಡಿ, ಏನೂ ಪೂರ್ತಿ ಬಿಚ್ಚಬೇಕಾಗಿಲ್ಲ. 147 ಬೇಸ್ ಜೋಡಿ ಡಿಎನ್‌ಎ ಹಿಸ್ಟೋನ್ ಉಂಡೆಯ ಸುತ್ತ ಒಂದೂ ಮುಕ್ಕಾಲು ಸುತ್ತಿಗೆ ಸ್ವಲ್ಪ ಕಡಿಮೆ ಸುತ್ತಿರುತ್ತದೆ, 14 ಕಡೆ ಅಂಟಿರುತ್ತದೆ. ಅಷ್ಟನ್ನೂ ಒಟ್ಟಿಗೆ ಕಿತ್ತರೆ ಖರ್ಚು ವಿಪರೀತ. ರಿಮಾಡೆಲರ್ ಹಾಗೆ ಮಾಡುವುದಿಲ್ಲ. ನಡುಭಾಗದಿಂದ ಡಿಎನ್‌ಎ ಸುರುಳಿಯ ಎರಡು ತಿರುವು ಆಚೆ ಡಿಎನ್‌ಎಯನ್ನು ಹಿಡಿದು, ಒಂದು ಎಟಿಪಿ ಒಡೆದಾಗ ಸುಮಾರು ಒಂದು ಬೇಸ್ ಜೋಡಿಯಷ್ಟು ಎಳೆಯುತ್ತದೆ. ಆ ಚಿಕ್ಕ ಸೆಳೆತ ಉಂಡೆಯ ಮೈಮೇಲೆ ಹರಿದು ಹೊರಬರುತ್ತದೆ. ಒಂದೆರಡು ಅಂಟು ಬಿಟ್ಟು ಮತ್ತೆ ಕೂಡುತ್ತವೆ, ಅಷ್ಟೇ. ಕಂಬಳಿಯ ಸುಕ್ಕನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಳ್ಳಿದ ಹಾಗೆ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಈಗ ನಿಮ್ಮ ತೊಂದರೆಗೆ ಬರೋಣ. ಇಲ್ಲಿ ಎರಡು ಪ್ರಶ್ನೆಗಳಿವೆ: ಎಟಿಪಿ ಒಡೆಯುತ್ತಿದೆಯಾ? ಒಡೆದರೂ ಉಂಡೆ ಜರುಗುತ್ತಿಲ್ಲವಾ? ಜೆಲ್ ಎರಡನೆಯದನ್ನು ಮಾತ್ರ ಹೇಳುತ್ತದೆ. ಫಾಸ್ಫೇಟ್ ಸಿಕ್ಕರೆ ಹಸಿರಾಗುವ ಮಲಕೈಟ್ ಗ್ರೀನ್ ಹಾಕಿ, ಎಟಿಪಿ ಒಡೆದು ಫಾಸ್ಫೇಟ್ ಬಿಡುಗಡೆ ಆಗಿದೆಯಾ ನೋಡಿ. ಹಸಿರು ಬಂದರೆ ಎನ್‌ಜೈಮ್ ದುಡಿಯುತ್ತಿದೆ, ಆಗ ಹಿಸ್ಟೋನ್ ಕಡೆ ಹುಡುಕೋಣ. ಈ ಗುಂಪಿಗೆ ಎಚ್4 ಹಿಸ್ಟೋನಿನ ಬಾಲ ಮುಖ್ಯ. ಹಸಿರು ಬರದಿದ್ದರೆ ಬಫರ್ ಕಡೆ. ನ್ಯೂಕ್ಲಿಯೋಸೋಮನ್ನು ಯಾವ ಬಫರ್‌ನಲ್ಲಿ ಇಟ್ಟಿದ್ದೀರಿ?

ನೂಲುಸುರುಳಿ:
ಹಸಿರು ಬರಲೇ ಇಲ್ಲ. ನ್ಯೂಕ್ಲಿಯೋಸೋಮ್ ಟಿಇ ಬಫರ್‌ನಲ್ಲಿದೆ. ಡಬ್ಬಿ ಮೇಲಿನ ಚೀಟಿಯನ್ನು ಈಗ ಸರಿಯಾಗಿ ಓದಿದೆ, ಅದು 10 ಪಟ್ಟಿನ ಸ್ಟಾಕ್. ತೆಳು ಮಾಡದೆ ಹಾಗೇ ಬಳಸಿದ್ದೇನೆ. ಒಟ್ಟು 20 ಮೈಕ್ರೋಲೀಟರ್‌ನಲ್ಲಿ ನ್ಯೂಕ್ಲಿಯೋಸೋಮೇ 6 ಮೈಕ್ರೋಲೀಟರ್.

ಮೆಲ್ಲನೆ_ಜರುಗು:
ಸಿಕ್ಕಿತು. ಆ ಸ್ಟಾಕ್‌ನಲ್ಲಿ ಮೆಗ್ನೀಶಿಯಂನಂಥ ಲೋಹಗಳನ್ನು ಹಿಡಿದುಕೊಳ್ಳುವ ಇಡಿಟಿಎ 10 ಮಿಲಿಮೋಲಾರ್ ಇರುತ್ತದೆ. ನಿಮ್ಮ ಟ್ಯೂಬಿಗೆ ಬಂದಾಗ 3. ಮೆಗ್ನೀಶಿಯಂ ಕೂಡ 3. ಒಂದಕ್ಕೊಂದು ಹಿಡಿದುಕೊಂಡು ಮೆಗ್ನೀಶಿಯಂ ಅಷ್ಟೂ ಹೋಯಿತು. ಬರೀ ಎಟಿಪಿಯನ್ನು ಎನ್‌ಜೈಮ್ ಒಡೆಯಲಾರದು, ಮೆಗ್ನೀಶಿಯಂ ಜೊತೆಗಿದ್ದರೆ ಮಾತ್ರ ಒಡೆಯುತ್ತದೆ. ಕೆಲಸ ನಿಲ್ಲಿಸಲು ಕೊನೆಯಲ್ಲಿ ಹಾಕುವ ಇಡಿಟಿಎ ಶುರುವಿನಲ್ಲೇ ಸೇರಿಕೊಂಡಿದೆ. ಸದ್ಯಕ್ಕೆ ಮೆಗ್ನೀಶಿಯಂ 6 ಮಾಡಿ ನೋಡಿ. ಆಮೇಲೆ ಇಡಿಟಿಎ 0.1 ಇರುವ ಬಫರ್‌ಗೆ ಡಯಾಲಿಸಿಸ್ ಮಾಡಿಬಿಡಿ.

ಕೋಶಪ್ರೇಮಿ:
ಒಂದು ಮಾತು ಸೇರಿಸುತ್ತೇನೆ. ಜೆಲ್‌ಗೆ ಹಾಕುವ ಮುಂಚೆ ಬೇರೆ ಪ್ಲಾಸ್ಮಿಡ್ ಡಿಎನ್‌ಎ ಜಾಸ್ತಿ ಸೇರಿಸಿ. ಇಲ್ಲದಿದ್ದರೆ ರಿಮಾಡೆಲರ್ ನ್ಯೂಕ್ಲಿಯೋಸೋಮಿಗೆ ಅಂಟಿಕೊಂಡೇ ಇರುತ್ತದೆ. ಬ್ಯಾಂಡ್ ಸ್ಯಾಂಪಲ್ ಹಾಕುವ ಬಾವಿಯಲ್ಲೇ ಸಿಕ್ಕಿಬಿದ್ದು, ಜರುಗಿತು ಅಂತ ಸುಮ್ನೆ ಮೋಸ ಹೋಗುತ್ತೀರಿ.

ನೂಲುಸುರುಳಿ:
ಮೆಗ್ನೀಶಿಯಂ 6 ಮಾಡಿದೆ, ಪ್ಲಾಸ್ಮಿಡ್ಡೂ ಸೇರಿಸಿದೆ. ಮಲಕೈಟ್ ಹಸಿರಾಯಿತು! ಜೆಲ್‌ನಲ್ಲಿ ಬ್ಯಾಂಡ್ ನಿಧಾನಕ್ಕೆ ಓಡುವ ಮೇಲಿನ ಜಾಗಕ್ಕೆ ಬಂದಿದೆ, ಅಂದರೆ ಉಂಡೆ ನಡುವಿಗೆ ಜರುಗಿದೆ. ಎಟಿಪಿ ಇಲ್ಲದ ಲೇನ್ ಮೊದಲಿನಂತೆಯೇ ಇದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಳೆ ಜಾಗದಲ್ಲೂ ತೆಳುವಾಗಿ ಸ್ವಲ್ಪ ಉಳಿದಿದೆ, ಅದು ಸರಿನಾ?

ಮೆಲ್ಲನೆ_ಜರುಗು:
ಸರಿ. ರಿಮಾಡೆಲರ್ ಉಂಡೆಯನ್ನು ಎರಡೂ ದಿಕ್ಕಿಗೆ ತಳ್ಳುತ್ತದೆ. ಖಾಲಿ ಡಿಎನ್‌ಎ ಬಾಲ ಉದ್ದ ಇರುವ ಕಡೆಗೆ ಬೇಗ, ಇನ್ನೊಂದು ಕಡೆಗೆ ನಿಧಾನ. ಅದಕ್ಕೇ ಹೆಚ್ಚಿನವು ನಡುವೆ ಸೇರುತ್ತವೆ, ಎಲ್ಲವೂ ಅಲ್ಲ. 5, 10, 20 ನಿಮಿಷಕ್ಕೆ ಒಂದೊಂದು ಸ್ಯಾಂಪಲ್ ತೆಗೆದು ಹಾಕಿ, ಜರುಗುವ ವೇಗವೂ ಕಾಣುತ್ತದೆ.