ಕಾಳಿನಿಂದ ಮಾಡಿದ ಹೆಂಡಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಅದರ ಹಿಂದಿನ ಕಥೆ ಸ್ವಲ್ಪ ಉದ್ದ ಇದೆ.

ಮೊನ್ನೆ ಸಿಕ್ಕಿಂಗೆ ಹೋಗಿದ್ದೆ. ಹೊಸ ಊರಿಗೆ ಹೋದರೆ ಅಲ್ಲಿನ ಬಿಯರ್ ಒಂದು ಸಲ ನೋಡಲೇಬೇಕು ಅನ್ನುವ ಚಾಳಿ ನನಗೆ. ಗ್ಯಾಂಗ್ಟಾಕ್‌ನಲ್ಲಿ ಡ್ಯಾನ್ಸ್‌ಬರ್ಗ್ ಕುಡಿದೆ, ಹಿಟ್ ಕುಡಿದೆ. ಎರಡೂ ನಟ ಡ್ಯಾನಿ ಡೆಂಜೊಂಗ್ಪಾ ಅವರ ಯುಕ್ಸಮ್ ಬ್ರೂವರೀಸ್‌ನವು. ಅಲ್ಲಿಯವರೆಗೆ ಪದದ ತಾಪತ್ರಯ ಏನೂ ಇರಲಿಲ್ಲ, ಬಿಯರ್ ಅಂದರೆ ಬಿಯರ್. ತಾಪತ್ರಯ ಶುರುವಾಗಿದ್ದು ಪೆಲ್ಲಿಂಗ್‌ನಲ್ಲಿ, ತೊಂಗ್ಬಾ ತಂದು ಮುಂದೆ ಇಟ್ಟಾಗ.

ಬಿದಿರಿನ ದೊಡ್ಡ ಲೋಟ, ಅದರ ತುಂಬ ಹುಳಿ ಬಂದ ಕಾಳು. ಮೇಲೆ ಬಿಸಿ ನೀರು ಹುಯ್ದು ಐದತ್ತು ನಿಮಿಷ ಬಿಡಬೇಕು, ಆಮೇಲೆ ಸಣ್ಣ ಬಿದಿರು ಕೊಳವೆಯಿಂದ ಹೀರಬೇಕು. ಕೊಳವೆಯ ಕೆಳತುದಿ ಮುಚ್ಚಿರುತ್ತದೆ, ಪಕ್ಕದಲ್ಲಿ ಸೀಳು ಮಾತ್ರ, ಕಾಳು ಬಾಯಿಗೆ ಬರದ ಹಾಗೆ. ಮುಗಿದರೆ ಮತ್ತೆ ನೀರು ಹುಯ್ಯುತ್ತಾರೆ. ಮೂರನೇ ಸಲಕ್ಕೆ ಸಪ್ಪೆ.

ಯಾವ ಕಾಳು ಅಂತ ಕೇಳಿದೆ. 'ಕೋದೋ' ಅಂದರು. ಹಿಂದಿಯಲ್ಲಿ ಕೋದೋ ಅಂದರೆ ಹಾರಕ, ಸಿರಿಧಾನ್ಯದ ಪ್ಯಾಕೆಟ್ ಮೇಲೆ ಅರ್ಕ ಅಂತಲೂ ಬರೆದಿರುತ್ತಾರಲ್ಲ, ಅದು. ಸುಮ್ನೆ ತಲೆ ಆಡಿಸಿದೆ. ಆಮೇಲೆ ಯಾಕೋ ಅನುಮಾನ ಬಂದು ಎರಡು ಕಾಳು ತೆಗೆದು ಬೆರಳಲ್ಲಿ ಹೊಸಕಿ ನೋಡಿದರೆ ನಮ್ಮ ರಾಗಿ! ನೇಪಾಳಿಯಲ್ಲಿ ಕೋದೋ ಅಂದರೆ ರಾಗಿಯೇ ಅಂತೆ. ಹೊಸದುರ್ಗದ ಕಡೆ ದಿನಾ ಮುದ್ದೆ ಉಂಡು ಬೆಳೆದವನು ನಾನು, ರಾಗಿಯನ್ನು ಹೀಗೂ ಹೊಟ್ಟೆಗೆ ಹಾಕಿಕೊಳ್ಳಬಹುದು ಅಂತ ಅಷ್ಟು ದೂರ ಹೋಗಿ ತಿಳಿಯಬೇಕಾಯಿತು. ರುಚಿ ಹುಳಿ ಅಂಬಲಿಯನ್ನು ಬಿಸಿ ಮಾಡಿ ಕೊಟ್ಟ ಹಾಗೆ, ಹಿಂದೆ ಒಂಚೂರು ಸಿಹಿ. ಅರ್ಧ ಗಂಟೆಗೆ ಕಿವಿ ಬೆಚ್ಚಗಾಯಿತು.

ಈಗ ಪದಕ್ಕೆ ಬರುತ್ತೇನೆ. ತೊಂಗ್ಬಾ ಅನ್ನುವುದು ನಿಜವಾಗಿ ಆ ಪಾತ್ರೆಯ ಹೆಸರು. ಒಳಗಿರುವುದಕ್ಕೆ ನೇಪಾಳಿಯಲ್ಲಿ ಜಾಂಡ್, ಟಿಬೆಟ್ ಭಾಷೆಯಲ್ಲಿ ಛಾಂಗ್. ಕಾಯಿಸಿ ಭಟ್ಟಿ ಇಳಿಸಿದರೆ ಅದು ರಕ್ಸಿ. ಎರಡಕ್ಕೆ ಎರಡು ಪದ, ಗೊಂದಲವೇ ಇಲ್ಲ.

ದಾವಣಗೆರೆಗೆ ಬಂದು ಗೆಳೆಯರ ಮುಂದೆ 'ರಾಗಿ ಹೆಂಡ ಕುಡಿದೆ' ಅಂದೆ. ಒಬ್ಬ ತಕ್ಷಣ, 'ರಾಗಿಯಾಗೆ ಎಲ್ಲಿ ಹೆಂಡಲೇ, ಹೆಂಡ ಇಳಿಸೋದು ಈಚಲ ಮರದಾಗಲ್ವಾ?' ಅಂದ. ಅವನು ಹೇಳಿದ್ದು ಸರಿಯೇ. ಹೆಂಡ ಅಂದರೆ ನಮ್ಮವರ ಕಣ್ಣಿಗೆ ಮರ, ಗಡಿಗೆ ಕಾಣುತ್ತದೆ. ಸಾರಾಯಿ ಅನ್ನೋಣ ಅಂದರೆ ಅದು ಕಾಯಿಸಿದ್ದು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತ ಮೇಲೆ ಹುಡುಗರ ಬಾಯಲ್ಲಿ ಆ ಪದವೂ ಕಮ್ಮಿಯಾಗಿದೆ. ಮದ್ಯ ಅನ್ನುವುದು ಬೋರ್ಡಿನ ಪದ, ಯಾರೂ 'ಬಾ, ಮದ್ಯ ಕುಡಿಯೋಣ' ಅನ್ನುವುದಿಲ್ಲ. ಉಳಿದದ್ದು ಎಣ್ಣೆ. ಆದರೆ ನಮ್ಮ ಗುಂಪಿನಲ್ಲಿ ಎಣ್ಣೆ ಅಂದರೆ ರಮ್ಮು, ಬ್ರಾಂದಿ, ವಿಸ್ಕಿ. ಬಿಯರ್ ಕುಡಿದವನು 'ಎಣ್ಣೆ ಹಾಕಿಲ್ಲಪ್ಪ, ಬರೀ ಬಿಯರ್' ಅಂತ ಮನೆಯಲ್ಲಿ ಹೇಳುತ್ತಾನೆ! ಬೇರೆ ಊರುಗಳಲ್ಲೂ ಎಣ್ಣೆಗೆ ಈ ಗಡಿ ಇದೆಯಾ?

ಇನ್ನೆರಡು ಪದ ನೋಡಿದೆ. ಅಬಕಾರಿಯವರ ಸುದ್ದಿಯಲ್ಲಿ 'ಬೆಲ್ಲದ ಕೊಳೆ' ಅಂತ ಬರುತ್ತದೆ, ಭಟ್ಟಿಗೆ ಮುಂಚೆ ಹುಳಿ ಬರಿಸಿಟ್ಟ ಬೆಲ್ಲದ ನೀರು. ಆ ಲೆಕ್ಕದಲ್ಲಿ ಇದು 'ರಾಗಿ ಕೊಳೆ' ಆಗಬೇಕು. ಅರ್ಥ ಹತ್ತಿರ ಇದೆ, ಆದರೆ ಆ ಹೆಸರು ಕೇಳಿ ಯಾರು ಬಾಯಿಗೆ ಇಟ್ಟುಕೊಳ್ಳುತ್ತಾರೆ? ಇನ್ನೊಂದು ಸುರೆ. ಮನುಸ್ಮೃತಿಯಲ್ಲಿ ಸುರೆಯ ಮೂರು ಬಗೆ ಹೇಳುವಾಗ ಹಿಟ್ಟಿನದಕ್ಕೆ ಪೈಷ್ಟಿ ಅಂದಿದೆ. ಕರಾರುವಾಕ್ಕಾಗಿ ನನಗೆ ಬೇಕಾದ ಅರ್ಥ. ಆದರೆ ಇಲ್ಲಿ 'ಪೈಷ್ಟಿ ಕುಡಿದೆ' ಅಂದರೆ ಹೊಟ್ಟೆ ಸರಿಯಿಲ್ವಾ ಅಂತ ಕೇಳುತ್ತಾರೆ.

ಕ್ರಿಯಾಪದವೂ ಬೇಕು. ಹೆಂಡ ಇಳಿಸುತ್ತಾರೆ, ಸಾರಾಯಿ ಕಾಯಿಸುತ್ತಾರೆ, ಹಾಗಾದರೆ ಇದನ್ನು? ಅಲ್ಲಿ ಬೇಯಿಸಿದ ರಾಗಿಗೆ ಮರ್ಚಾ ಅನ್ನುವ ಬಿಳಿ ಬಿಲ್ಲೆ ಪುಡಿ ಮಾಡಿ ಬೆರೆಸಿ ಮುಚ್ಚಿಡುತ್ತಾರೆ. ನನ್ನ ಬಾಯಿಗೆ ತಾನಾಗಿ ಬಂದದ್ದು 'ಹೆಪ್ಪು ಹಾಕುತ್ತಾರೆ' ಅಂತ. ಹೆಪ್ಪು ಹಾಲಿಗೆ ಮಾತ್ರ ಅಂತ ನಮ್ಮವ್ವ ತಿದ್ದಿದಳು. ದೋಸೆ ಹಿಟ್ಟಿನ ಹಾಗೆ 'ಹುಳಿ ಬರಿಸುವುದು' ಅನ್ನು ಅಂದಳು. ನನಗೆ ಹೆಪ್ಪೇ ಇಷ್ಟ, ಯಾಕೆಂದರೆ ದೋಸೆ ಹಿಟ್ಟು ತಾನೇ ಹುಳಿ ಬರುತ್ತದೆ, ಇದಕ್ಕೆ ಹೊರಗಿಂದ ಏನೋ ಹಾಕಬೇಕು.

ಕೊಡಗು, ಮಲೆನಾಡು, ಬಿಳಿಗಿರಿ ಬೆಟ್ಟದ ಕಡೆಯವರು ಯಾರಾದರೂ ಇದ್ದರೆ ಹೇಳಿ. ಅಕ್ಕಿಯನ್ನೋ ರಾಗಿಯನ್ನೋ ಹುಳಿ ಬರಿಸಿ, ಕಾಯಿಸದೆ ಕುಡಿಯುವುದಕ್ಕೆ ಮನೆಮಾತಿನಲ್ಲಿ ಹೆಸರಿದೆಯಾ? ಹೊಸದಾಗಿ ಕಟ್ಟಿದ ಪದ ಬೇಡ, ಅಜ್ಜಿಯ ಬಾಯಲ್ಲಿ ಕೇಳಿದ್ದಾದರೆ ಜಾಸ್ತಿ ಸಂತೋಷ. ಹೆಪ್ಪಿನ ವಿಷಯದಲ್ಲಿ ನಾನು ಸರಿಯೋ ನಮ್ಮವ್ವ ಸರಿಯೋ, ಅದನ್ನೂ ಹೇಳಿ.