ಒಂದೇ ಹೆಸರು, ಒಂದೇ ಸ್ಪೆಲ್ಲಿಂಗ್: ಐವಿಎಫ್‌ಗೆ ಹೊರದೇಶಕ್ಕೆ ಹೊರಟವರ ಪ್ರಶ್ನೆಗಳು

ಗುಂಪಿನ ಎಲ್ಲರಿಗೂ ನಮಸ್ಕಾರ. ಐವಿಎಫ್ (ಅಂಡ, ವೀರ್ಯವನ್ನು ಲ್ಯಾಬಿನಲ್ಲಿ ಸೇರಿಸಿ ಭ್ರೂಣ ಮಾಡುವ) ಚಿಕಿತ್ಸೆಗೆ ಹೊರದೇಶಕ್ಕೆ ಹೋಗುವವರು ಎಂತೆಂತ ಪೇಪರ್ ಮಾಡಿಸಬೇಕು ಅಂತ ತುಂಬ ಜನ ಕೇಳ್ತಾ ಇದ್ದೀರಿ. ಮಂಗಳೂರಿನಲ್ಲಿ ವಕೀಲಿಕೆ ಮತ್ತು ನೋಟರಿ ಕೆಲಸ ಮಾಡುತ್ತಾ, ಗಲ್ಫ್‌ಗೆ, ಯುರೋಪಿಗೆ ಹೋಗುವವರ ದಾಖಲೆ ನೋಡಿಕೊಳ್ಳುವ ಮೇಡಂ ಒಬ್ಬರು ಇವತ್ತು ಉತ್ತರ ಕೊಡಲು ಒಪ್ಪಿದ್ದಾರೆ. ಹೆಸರು, ಫೋನ್ ನಂಬರ್, ರಿಪೋರ್ಟಿನ ಫೋಟೊ ಹಾಕಬೇಡಿ. ಊರು ಬರೆದರೆ ಸಾಕು. – ಅಡ್ಮಿನ್

ಪ್ರಶ್ನೆ (ಕಾಪು): ಮೇಡಂ, ನನ್ನ ಗಂಡ ಅಬುಧಾಬಿಯಲ್ಲಿ. ವರ್ಷಕ್ಕೆ ಒಂದೇ ತಿಂಗಳು ರಜೆ. ಇಲ್ಲಿ ಎರಡು ಸಲ ಚಿಕಿತ್ಸೆ ಶುರು ಮಾಡಿದ್ದು, ಎರಡು ಸಲವೂ ಅವರ ರಜೆ ಮುಗಿದು ಅರ್ಧಕ್ಕೇ ನಿಂತಿತು. ಹಾಗಾಗಿ ಅಲ್ಲಿಯೇ ಮಾಡಿಸುವುದು ಅಂತ ತೀರ್ಮಾನ. ಅಲ್ಲಿಯ ಕ್ಲಿನಿಕ್‌ನವರು ಮದುವೆ ಸರ್ಟಿಫಿಕೇಟ್ ಕೇಳ್ತಾರೆ. ನಮ್ಮದು ದೇವಸ್ಥಾನದಲ್ಲಿ ಆದ ಮದುವೆ. ರಶೀದಿ ಉಂಟು, ಲಗ್ನಪತ್ರಿಕೆ ಉಂಟು, ಆಲ್ಬಂ ಉಂಟು. ಅಷ್ಟು ಸಾಕಾ? ಇನ್ನೊಂದು, ನನ್ನ ಪಾಸ್‌ಪೋರ್ಟಿನಲ್ಲಿ ಹೆಸರು ಮಾತ್ರ, ಸರ್‌ನೇಮ್ ಜಾಗ ಖಾಲಿ.

ಉತ್ತರ: ಸಾಲದಮ್ಮ. ದೇವಸ್ಥಾನದ ರಶೀದಿ, ಚರ್ಚ್‌ನ ಪತ್ರ, ಮಸೀದಿಯ ನಿಕಾಹ್ ಪತ್ರ ಯಾವುದೇ ಇರಲಿ, ಹೊರದೇಶದ ಆಸ್ಪತ್ರೆಗೆ ಕೊಡಲು ಉಪನೋಂದಣಿ ಕಚೇರಿಯ ವಿವಾಹ ನೋಂದಣಿ ಪ್ರಮಾಣಪತ್ರವೇ ಗಟ್ಟಿ ದಾಖಲೆ. ನಿಮ್ಮ ಬಳಿ ಇರುವ ರಶೀದಿ, ಪತ್ರಿಕೆ, ಫೋಟೊ ವ್ಯರ್ಥವಲ್ಲ. ಅವನ್ನು ಆಧಾರವಾಗಿ ಕೊಟ್ಟೇ ನೋಂದಣಿ ಮಾಡಿಸುವುದು. ಮದುವೆಯಾಗಿ ಎಷ್ಟು ವರ್ಷ ಕಳೆದಿದ್ದರೂ ನೋಂದಣಿಗೆ ಅಡ್ಡಿಯಿಲ್ಲ. ಅರ್ಜಿ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಹಾಕಬಹುದು. ಗಂಡ ಊರಿಗೆ ಬರುವ ಮೊದಲೇ ಅರ್ಜಿಯ ವಿವರ, ಸಾಕ್ಷಿಗಳು, ಅವರ ಗುರುತಿನ ಚೀಟಿ ಎಲ್ಲ ಸಿದ್ಧ ಇಟ್ಟುಕೊಳ್ಳಿ. ರಜೆಯ ಮೊದಲ ವಾರದಲ್ಲೇ ಈ ಕೆಲಸ ಮುಗಿಯಬೇಕು. ಕೊನೆಯ ವಾರಕ್ಕೆ ಇಟ್ಟುಕೊಂಡವರು ಮುಂದಿನ ರಜೆಯವರೆಗೆ ಕಾದದ್ದನ್ನು ನಾನು ತುಂಬ ಕಂಡಿದ್ದೇನೆ.

ಪ್ರಮಾಣಪತ್ರದಲ್ಲಿ ಎರಡು ದಿನಾಂಕ ಇರ್ತದೆ, ಮದುವೆ ಆದ ದಿನ ಮತ್ತು ನೋಂದಣಿ ಆದ ದಿನ. ಕ್ಲಿನಿಕ್‌ನ ಫಾರಂನಲ್ಲಿ ಮದುವೆ ಆದ ದಿನವನ್ನೇ ಬರೆಯಿರಿ. ಅಲ್ಲೊಂದು ಇಲ್ಲೊಂದು ಬರೆದರೆ ಅಲ್ಲಿಯವರಿಗೆ ಎರಡು ಮದುವೆಯ ಹಾಗೆ ಕಾಣ್ತದೆ.

ಒಂದೇ ಮುದ್ರೆ ಇದ್ದ ದಾಖಲೆಯನ್ನು ಸದಸ್ಯ ದೇಶಗಳು ಒಪ್ಪುವ ಅಪೊಸ್ಟಿಲ್ ಒಪ್ಪಂದದಲ್ಲಿ ಯುಎಇ ಇಲ್ಲ. ಹಾಗಾಗಿ ಮೊದಲು ಬೆಂಗಳೂರಿನ ರಾಜ್ಯ ಗೃಹ ಇಲಾಖೆ, ನಂತರ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿ ಇಳಿದ ಮೇಲೆ ಅವರ ವಿದೇಶಾಂಗ ಸಚಿವಾಲಯ, ಹೀಗೆ ಒಂದರ ಮೇಲೊಂದು ಮುದ್ರೆ ಬೀಳಬೇಕು. ಗಂಡ ನಿಮ್ಮನ್ನು ಫ್ಯಾಮಿಲಿ ವೀಸಾದಲ್ಲಿ ಕರೆಸಿಕೊಳ್ಳುವುದಾದರೆ ಅದಕ್ಕೂ ಇದೇ ಪತ್ರ ಬೇಕು. ಒಂದು ಖರ್ಚಿಗೆ ಎರಡು ಕೆಲಸ.

ದಯವಿಟ್ಟು ಇದೊಂದನ್ನು ನೆನಪಿಡಿ: ಪ್ರಮಾಣಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ. ನಮ್ಮ ಕಡೆ ಮಳೆಗಾಲದ ಪಸೆಗೆ ಕಾಗದ ಬೂಸ್ಟು ಹಿಡಿಯುತ್ತದೆ ಅಂತ ಕೈಗೆ ಬಂದ ಕೂಡಲೇ ಪ್ಲಾಸ್ಟಿಕ್ ಹಾಕಿಸುವ ಅಭ್ಯಾಸ. ಪ್ಲಾಸ್ಟಿಕ್ ಮೇಲೆ ಮುದ್ರೆ ಕೂರುವುದಿಲ್ಲ. ಜಿಪ್ ಕವರಿನಲ್ಲಿ ಹಾಕಿ ಕಪಾಟಿನ ಮೇಲಿನ ಹಲಗೆಯಲ್ಲಿ ಇಡಿ.

ಇನ್ನು ಸರ್‌ನೇಮ್ ವಿಷಯ. 2022ರ ನವೆಂಬರ್‌ನಿಂದ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಯುಎಇ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಎಂಬ ನಿಯಮ ಬಂತು. ಎರಡನೇ ಪುಟದಲ್ಲಿ ತಂದೆಯ ಹೆಸರೋ ಕುಟುಂಬದ ಹೆಸರೋ ಇದ್ದರೆ ಒಪ್ಪುತ್ತಾರೆ ಅಂತ ಆಮೇಲೆ ಸ್ಪಷ್ಟ ಮಾಡಿದರು. ಆದರೆ ನಿಮ್ಮದು ಒಂದು ದಿನದ ಪ್ರವಾಸ ಅಲ್ಲ. ಆಸ್ಪತ್ರೆ ಫೈಲು, ವಿಮೆ, ವೀಸಾ, ಮುಂದೆ ದೇವರು ಕಣ್ಣುಬಿಟ್ಟರೆ ಮಗುವಿನ ಜನನ ಪ್ರಮಾಣಪತ್ರ, ಎಲ್ಲದರಲ್ಲಿಯೂ ಆ ಖಾಲಿ ಜಾಗ ಹಿಂದೆಯೇ ಬರ್ತದೆ. ಈಗಲೇ ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟ್ ಮರುಮುದ್ರಣ ಮಾಡಿಸಿ. ಉಡುಪಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲಿ ಆಗ್ತದೆ, ಮಂಗಳೂರಿಗೆ ಬರಬೇಕಾಗಿಲ್ಲ. ಮೊದಲು ಪಾಸ್‌ಪೋರ್ಟ್, ಆಮೇಲೆ ಅದರಲ್ಲಿ ಇದ್ದ ಹಾಗೆಯೇ ಮದುವೆ ನೋಂದಣಿ.

ಪ್ರಶ್ನೆ (ಬಂಟ್ವಾಳ): ನನಗೆ ಸರ್‌ನೇಮ್ ಇಲ್ಲದ್ದಲ್ಲ, ಎರಡೆರಡು ಇರುವ ಸಮಸ್ಯೆ. ತವರಿನದ್ದು ಡಿ'ಸೋಜ, ಗಂಡನ ಮನೆಯದು ಲೋಬೊ. ಪಾಸ್‌ಪೋರ್ಟ್ ತವರಿನ ಹೆಸರಲ್ಲಿ, ಆಧಾರ್ ಗಂಡನ ಹೆಸರಲ್ಲಿ. ಮಸ್ಕತ್‌ನಲ್ಲಿ ಒಂದು ಸಲ ಅಂಡ ತೆಗೆದು, ಭ್ರೂಣ ಫ್ರೀಜ್ ಮಾಡಿ ಇಟ್ಟಿದ್ದಾರೆ. ಮುಂದಿನ ಟ್ರಾನ್ಸ್‌ಫರ್‌ಗೆ (ಭ್ರೂಣವನ್ನು ಗರ್ಭಕೋಶಕ್ಕೆ ಹಾಕಿಸಲು) ಹೋಗುವ ಮೊದಲು ಪಾಸ್‌ಪೋರ್ಟನ್ನು ಲೋಬೊ ಅಂತ ಬದಲಿಸುವುದಾ?

ಉತ್ತರ: ಈಗ ಬೇಡ. ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಲೇಬೇಕು ಎಂಬ ಕಾನೂನು ಇಲ್ಲ. ನಿಮ್ಮ ಭ್ರೂಣ ಆ ಕ್ಲಿನಿಕ್‌ನಲ್ಲಿ ಇರುವುದು ತವರಿನ ಹೆಸರು ಮತ್ತು ಹಳೆ ಪಾಸ್‌ಪೋರ್ಟ್ ನಂಬರಿನ ಮೇಲೆ. ಮರುಮುದ್ರಣ ಆದರೆ ಹೆಸರೂ ಬೇರೆ, ನಂಬರೂ ಬೇರೆ. ನನ್ನಲ್ಲಿಗೆ ಬಂದ ಒಬ್ಬ ಹೆಣ್ಣುಮಗಳು ಹೀಗೆಯೇ ನಡುವೆ ಹೆಸರು ಬದಲಿಸಿಕೊಂಡು ಹೋಗಿದ್ದಳು. ಹಾರ್ಮೋನ್ ಮಾತ್ರೆ ಶುರುವಾಗಿತ್ತು, ದಿನ ನಿಗದಿಯಾಗಿತ್ತು. ಲ್ಯಾಬ್‌ನವರು ನಿಲ್ಲಿಸಿಬಿಟ್ಟರು. ಅವರನ್ನು ತಪ್ಪು ಅನ್ನಲು ಸಾಧ್ಯವೇ? ಯಾರ ಭ್ರೂಣ ಯಾರಿಗೆ ಎಂಬ ವಿಷಯದಲ್ಲಿ ಅವರು ಅಷ್ಟು ಕಟ್ಟುನಿಟ್ಟಾಗಿ ಇರಲೇಬೇಕು. ಎರಡೂ ಹೆಸರು ಒಬ್ಬಳದ್ದೇ ಎಂದು ಇಲ್ಲಿಂದ ಅಫಿಡವಿಟ್ ಮಾಡಿಸಿ, ದೃಢೀಕರಿಸಿ ಕಳುಹಿಸುವಾಗ ಆ ತಿಂಗಳು ಕಳೆದೇಹೋಯಿತು. ಅವಳು ಫೋನಿನಲ್ಲಿ ಅತ್ತದ್ದು ನನಗೆ ಇನ್ನೂ ಕೇಳಿಸ್ತದೆ.

ಹಾಗಾಗಿ ಚಿಕಿತ್ಸೆ ಮುಗಿಯುವವರೆಗೆ ಪಾಸ್‌ಪೋರ್ಟ್ ಇದ್ದ ಹಾಗೇ ಇರಲಿ. ಆದರೆ ಅದರ ಅವಧಿ ನೋಡಿಕೊಳ್ಳಿ. ಪ್ರಯಾಣದ ದಿನದಿಂದ ಕನಿಷ್ಠ 6 ತಿಂಗಳು ಉಳಿದಿರಬೇಕು, ಚಿಕಿತ್ಸೆ ಮುಂದೆ ಹೋಗಬಹುದಾದ್ದರಿಂದ ಒಂದು ವರ್ಷ ಇದ್ದರೆ ನೆಮ್ಮದಿ. ಅವಧಿ ಮುಗಿದು ಬದಲಿಸಲೇಬೇಕಾದರೆ ಹೆಸರು ಅದೇ ಇರಲಿ, ನಂಬರ್ ಮಾತ್ರ ಬದಲಾಗಲಿ, ರದ್ದಾದ ಹಳೆಯ ಪುಸ್ತಕವನ್ನೂ ಜೊತೆಗೆ ಒಯ್ಯಿರಿ. ಡಿ'ಸೋಜದ ನಡುವಿನ ಆ ಸಣ್ಣ ಚಿಹ್ನೆಗೆ ಪಾಸ್‌ಪೋರ್ಟಿನ ಕೆಳಗಿನ ಯಂತ್ರ ಓದುವ ಸಾಲಿನಲ್ಲಿ ಜಾಗ ಇಲ್ಲ. ಟಿಕೆಟ್, ವೀಸಾ ಫಾರಂ, ಆಸ್ಪತ್ರೆ ಎಲ್ಲ ಕಡೆ ಚಿಹ್ನೆ ಬಿಟ್ಟು, ನಡುವೆ ಜಾಗವನ್ನೂ ಬಿಡದೆ, ಒಂದೇ ಪದವಾಗಿ ಬರೆಸಿ. ಆಧಾರ್ ಬಗ್ಗೆ ಚಿಂತೆ ಬೇಡ, ಮಸ್ಕತ್‌ನಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಪ್ರಶ್ನೆ (ಮಣಿಪಾಲ): ನಮ್ಮದು ಉಲ್ಟಾ. ಭ್ರೂಣ ಇಲ್ಲಿಯ ಕ್ಲಿನಿಕ್‌ನಲ್ಲಿ ಉಂಟು. ಈಗ ಇಬ್ಬರೂ ದುಬೈಗೆ ಶಿಫ್ಟ್ ಆಗ್ತಾ ಇದ್ದೇವೆ. ಸಣ್ಣ ಟ್ಯಾಂಕ್‌ನಲ್ಲಿ ಹಾಕಿ ಕೈಯಲ್ಲೇ ತೆಗೆದುಕೊಂಡು ಹೋಗಬಹುದು, ಒಂದು ಪತ್ರ ಇದ್ದರೆ ಸಾಕು ಅಂತ ಏಜೆಂಟ್ ಹೇಳಿದ. ನಿಜವಾ?

ಉತ್ತರ: ಆ ಏಜೆಂಟನ ಮಾತು ಕೇಳಬೇಡಿ. 2022ರ ಜನವರಿ 25ರಿಂದ ಜಾರಿಯಲ್ಲಿರುವ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ, ಅಂಡ, ವೀರ್ಯ, ಭ್ರೂಣ ಯಾವುದನ್ನೂ ದೇಶದ ಒಳಗೋ ಹೊರಗೋ ಇನ್ನೊಬ್ಬರಿಗೆ ಮಾರುವುದು, ವರ್ಗಾಯಿಸುವುದು ನಿಷೇಧ. ಸ್ವಂತ ಭ್ರೂಣವನ್ನು ಸ್ವಂತ ಬಳಕೆಗೆ ಸಾಗಿಸಲು ಮಾತ್ರ ವಿನಾಯಿತಿ ಉಂಟು, ಅದೂ ಈ ಕಾಯ್ದೆಯಡಿಯ ರಾಷ್ಟ್ರೀಯ ಮಂಡಳಿಯ ಅನುಮತಿ ಪಡೆದು. ಅರ್ಜಿಗೆ ಬೇಕಾದ ದಾಖಲೆಗಾಗಿ ನಿಮ್ಮ ಕ್ಲಿನಿಕ್‌ನವರನ್ನೇ ಲಿಖಿತವಾಗಿ ಕೇಳಿ. ಅನುಮತಿ ಕೈಗೆ ಬರುವವರೆಗೆ ಟ್ಯಾಂಕ್ ಕದಲಬಾರದು.

ಹಿಂದಿರುಗುವ ದಾರಿಯನ್ನೂ ಯೋಚಿಸಿ. 2015ರ ಅಕ್ಟೋಬರ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಸಂಶೋಧನೆಯನ್ನು ಬಿಟ್ಟು, ಮಾನವ ಭ್ರೂಣದ ಆಮದನ್ನು ನಿಷೇಧಿಸಿತು. ಅಲ್ಲಿ ಉಳಿದದ್ದನ್ನು ಮುಂದೆ ಊರಿಗೆ ತರಬಹುದು ಎಂಬ ಲೆಕ್ಕ ಹಾಕಿಕೊಳ್ಳಬೇಡಿ. ಎಷ್ಟೋ ದಂಪತಿಗಳಿಗೆ ಭ್ರೂಣವನ್ನು ಇಲ್ಲಿಯೇ ಬಿಟ್ಟು, ಟ್ರಾನ್ಸ್‌ಫರ್‌ಗೆ ಮಾತ್ರ ಹೆಂಡತಿ ಊರಿಗೆ ಬರುವುದೇ ಸಲೀಸು. ದುಬೈಯಿಂದ ಮಂಗಳೂರಿಗೆ ನೇರ ವಿಮಾನ ಉಂಟಲ್ಲ. ನನ್ನ ಸಲಹೆಯೂ ಅದೇ.

ಪ್ರಶ್ನೆ (ಕುಂದಾಪುರ): ಮಗ ಸೊಸೆ ಜರ್ಮನಿಯಲ್ಲಿ. ದಾನಿಯ ಅಂಡ ಬೇಕಾಗಿದೆ, ಜರ್ಮನಿಯಲ್ಲಿ ಆಗುವುದಿಲ್ಲವಂತೆ, ಜೆಕ್ ದೇಶಕ್ಕೆ ಹೋಗ್ತಾರೆ. ಮದುವೆ ಸರ್ಟಿಫಿಕೇಟ್ ಇಲ್ಲಿಂದ ಮಾಡಿಸಿ ಕಳಿಸಲು ಹೇಳಿದ್ದಾರೆ. ನಾನು ಹೋಗಿ ತರಬಹುದಾ? ಇನ್ನೊಂದು ಭಯ, ಮಗನ ಜನನ ಪ್ರಮಾಣಪತ್ರದಲ್ಲಿ ಜಿಲ್ಲೆ ದಕ್ಷಿಣ ಕನ್ನಡ ಅಂತ ಉಂಟು, ಮದುವೆಯದ್ದರಲ್ಲಿ ಉಡುಪಿ.

ಉತ್ತರ: ಹೌದು, ಜರ್ಮನಿಯಲ್ಲಿ 1991ರಿಂದ ಜಾರಿಯಲ್ಲಿರುವ ಭ್ರೂಣ ಸಂರಕ್ಷಣಾ ಕಾಯ್ದೆ ಅಂಡದಾನಕ್ಕೆ ಅವಕಾಶ ಕೊಡುವುದಿಲ್ಲ. ಅವರ ಮದುವೆ ಮೊದಲೇ ನೋಂದಣಿ ಆಗಿದ್ದರೆ ದೃಢೀಕೃತ ನಕಲಿಗೆ ನೀವೇ ಅರ್ಜಿ ಹಾಕಬಹುದು. ಭಾರತ, ಜೆಕ್ ಎರಡೂ ಅಪೊಸ್ಟಿಲ್ ಒಪ್ಪಂದದಲ್ಲಿ ಇವೆ, ಭಾರತದಲ್ಲಿ ಇದು 2005ರ ಜುಲೈ 14ರಿಂದ ಜಾರಿಯಲ್ಲಿದೆ. ಹಾಗಾಗಿ ರಾಯಭಾರ ಕಚೇರಿಯ ಮುದ್ರೆ ಬೇಡ. ಅಪೊಸ್ಟಿಲ್‌ಗೆ ವಿದೇಶಾಂಗ ಸಚಿವಾಲಯದ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ, ಅದರ ಮೇಲೆ ಸಲ್ಲಿಸುವ ಸಂಸ್ಥೆಯ ಸೇವಾ ಶುಲ್ಕ. ಸಾವಿರಗಟ್ಟಲೆ ಕೇಳಿದರೆ ಯಾವುದಕ್ಕೆ ಎಷ್ಟು ಅಂತ ಬರೆದು ಕೊಡಲು ಹೇಳಿ. ಜೆಕ್ ಭಾಷೆಗೆ ಅನುವಾದ ಬೇಕಾದರೆ ಅಪೊಸ್ಟಿಲ್ ಬಿದ್ದ ನಂತರವೇ ಮಾಡಿಸಿ, ಆ ಮುದ್ರೆಯೂ ಅನುವಾದ ಆಗಬೇಕು.

ಸೊಸೆಗೆ ಇದನ್ನೂ ಹೇಳಿ: ಅಲ್ಲಿಯ ಕಾನೂನಿನಂತೆ ಇಬ್ಬರೂ ಸಹಿ ಮಾಡಿದ ಲಿಖಿತ ಅರ್ಜಿ 6 ತಿಂಗಳಿಗಿಂತ ಹಳೆಯದಾಗಿರಬಾರದು. ಚಿಕಿತ್ಸೆ ಮುಂದೆ ಹೋದರೆ ಹೊಸದಾಗಿ ಸಹಿ ಮಾಡಬೇಕು.

ಜಿಲ್ಲೆಯ ಬಗ್ಗೆ ಹೆದರಬೇಡಿ. ಉಡುಪಿ ಜಿಲ್ಲೆ ಆದದ್ದೇ 1997ರಲ್ಲಿ. ಅದಕ್ಕೆ ಮೊದಲು ಕುಂದಾಪುರದಲ್ಲಿ ಹುಟ್ಟಿದವರೆಲ್ಲ ಕಾಗದದಲ್ಲಿ ದಕ್ಷಿಣ ಕನ್ನಡದವರೇ. ಯಾರಾದರೂ ಕೇಳಿದರೆ ಒಂದು ಸಾಲಿನ ವಿವರಣೆ ಸಾಕು, ಅಫಿಡವಿಟ್‌ಗೆ ದುಡ್ಡು ಹಾಕಬೇಡಿ. ಒಬ್ಬ ಅತ್ತೆ ಇದಕ್ಕಾಗಿ ಕಚೇರಿ ಸುತ್ತಲು ಹೊರಟದ್ದು ನೋಡಿ ನನಗೆ ನಿಜಕ್ಕೂ ಸಂತೋಷ ಆಯಿತು.

ಪ್ರಶ್ನೆ (ಸುರತ್ಕಲ್): ಇಂಜೆಕ್ಷನ್ ತೆಗೆದುಕೊಂಡು ಹೋಗಬಹುದಾ? ಬಜ್ಪೆ ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರಾ?

ಉತ್ತರ: ಒಯ್ಯಬಹುದು. ಔಷಧದ ಮೂಲ ಹೆಸರು ಇರುವ ಡಾಕ್ಟರ್ ಚೀಟಿ, ಸೂಜಿ ಯಾಕೆ ಬೇಕು ಎಂಬ ಒಂದು ಪತ್ರ, ಮೆಡಿಕಲ್ ಬಿಲ್ಲು, ಎಲ್ಲದರಲ್ಲೂ ಪಾಸ್‌ಪೋರ್ಟಿನ ಹೆಸರೇ ಇರಲಿ. ತಂಪಲ್ಲಿ ಇಡಬೇಕಾದ್ದನ್ನು ಕೈಚೀಲದಲ್ಲಿ ಕೂಲ್ ಪೌಚ್‌ನಲ್ಲಿಡಿ, ಲಗೇಜಿಗೆ ಹಾಕಬೇಡಿ. ಯುಎಇಗೆ ಹೋಗುವವರು ಟ್ರಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್ ಇಟ್ಟುಕೊಳ್ಳಬೇಡಿ. ಬೇಕೇ ಬೇಕಾದರೆ ಅಲ್ಲಿಯ ಸರ್ಕಾರದ ತಾಣದಲ್ಲಿ ಮೊದಲೇ ಅನುಮತಿ ಪಡೆಯಿರಿ.

ಪ್ರಶ್ನೆ (ಮಂಗಳೂರು): ಸ್ಪೇನ್‌ಗೆ ಟೂರಿಸ್ಟ್ ವೀಸಾದಲ್ಲಿ ಹೋಗಿ ಅಂತ ಗೆಳೆಯರು ಹೇಳ್ತಾರೆ. ಚಿಕಿತ್ಸೆ ಅಂತ ಬರೆದರೆ ನಾಚಿಕೆ, ಮನೆಯವರಿಗೂ ಗೊತ್ತಿಲ್ಲ.

ಉತ್ತರ: ಮನೆಯವರಿಗೆ ಹೇಳುವುದು ಬಿಡುವುದು ನಿಮ್ಮಿಬ್ಬರ ಹಕ್ಕು. ವೀಸಾ ಅಧಿಕಾರಿಗೆ ಮಾತ್ರ ಇದ್ದದ್ದನ್ನೇ ಬರೆಯಿರಿ. ಆ ಫಾರಂ ನಿಮ್ಮ ಅತ್ತೆ ಮನೆಗೆ ಹೋಗುವುದಿಲ್ಲ. ಬ್ಯಾಗಿನಲ್ಲಿ ಇಂಜೆಕ್ಷನ್, ಖಾತೆಯಿಂದ ಕ್ಲಿನಿಕ್‌ಗೆ ಹಣ, ಫಾರಂನಲ್ಲಿ ಮಾತ್ರ ಪ್ರವಾಸ ಅಂತ ಇದ್ದರೆ ಸುಳ್ಳು ಹೇಳಿದವರು ಅಂತಾಗ್ತದೆ. ಕ್ಲಿನಿಕ್‌ನಿಂದ ದಿನಾಂಕ, ಅಂದಾಜು ವೆಚ್ಚ ಇರುವ ಪತ್ರ ತರಿಸಿಕೊಳ್ಳಿ. ಷೆಂಗೆನ್ ವೀಸಾಕ್ಕೆ (ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ. ಅದು ತುರ್ತು ಚಿಕಿತ್ಸೆಗೆ, ಐವಿಎಫ್ ಖರ್ಚಿಗಲ್ಲ. ಅರ್ಜಿ ಪ್ರಯಾಣಕ್ಕೆ 6 ತಿಂಗಳ ಒಳಗೆ ಹಾಕಬೇಕು, 15 ದಿನಕ್ಕಿಂತ ತಡ ಆಗಬಾರದು. ಬ್ಯಾಂಕಿನಲ್ಲಿಯೂ ಹಣ ಕಳುಹಿಸುವಾಗ ಉದ್ದೇಶ ವೈದ್ಯಕೀಯ ಚಿಕಿತ್ಸೆ ಅಂತಲೇ ಹಾಕಿಸಿ. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಹಣಕ್ಕೆ ಬ್ಯಾಂಕಿನವರು ಮೊದಲೇ ಹಿಡಿಯುವ ತೆರಿಗೆ (ಟಿಸಿಎಸ್) ಚಿಕಿತ್ಸೆಗಾದರೆ ತುಂಬ ಕಡಿಮೆ, ರಿಟರ್ನ್ಸ್ ಹಾಕುವಾಗ ಅದನ್ನೂ ತೆರಿಗೆಗೆ ಹೊಂದಿಸಿಕೊಳ್ಳಬಹುದು.

ಮತ್ತೆ ಕಾಪುವಿನಿಂದ: ಮೇಡಂ, ಈಗಷ್ಟೇ ಗಂಡನ ಪಾಸ್‌ಪೋರ್ಟ್ ತೆಗೆದು ನೋಡಿದೆ. ಅದರಲ್ಲಿ ಹೆಂಡತಿಯ ಹೆಸರು ಅಂತ ನನ್ನ ಹೆಸರನ್ನು ಬೇರೆ ಸ್ಪೆಲ್ಲಿಂಗಿನಲ್ಲಿ ಬರೆದಿದ್ದಾರೆ!

ಉತ್ತರ: ಈಗಲೇ ಕಂಡದ್ದು ಒಳ್ಳೆಯದಾಯಿತು. ಹಾಗಾದರೆ ಇಬ್ಬರದ್ದೂ ಸರಿಪಡಿಸಬೇಕು. ಅವರದ್ದನ್ನು ಅಬುಧಾಬಿಯ ಭಾರತೀಯ ರಾಯಭಾರ ಕಚೇರಿಯ ಮೂಲಕ ಅಲ್ಲಿಂದಲೇ ಮಾಡಿಸಬಹುದು, ರಜೆಗೆ ಕಾಯಬೇಡಿ. ನಿಮ್ಮದು ಮೊದಲು ಆಗಲಿ, ಹೊಸ ಪಾಸ್‌ಪೋರ್ಟಿನ ಫೋಟೊ ಅವರಿಗೆ ಕಳುಹಿಸಿ, ಅದನ್ನು ನೋಡಿಕೊಂಡೇ ಅವರು ಫಾರಂ ತುಂಬಲಿ.